ಗೆಳೆಯನ ಕೈ ತಡೆಯುವ ಧೈರ್ಯ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಕಡಿದುಹೋದಾಗ, ಮನೆ ತೊರೆದು ಬಂದವರಿಗೆ ಸಂಪಾಜೆ ಪರಿಸರದ ಪರಿಹಾರ ಕೇಂದ್ರಗಳು ಆಸರೆಯಾದವು. ಅಲ್ಲಿ ಧರ್ಮ ಕೇಳದೆ ದುಡಿದವರಲ್ಲಿ ಯುವಕರು ಮುಂದಿದ್ದರು. ನಾಲ್ಕು ವರ್ಷಗಳ ಬಳಿಕ, 2022ರ ಜುಲೈಯಲ್ಲಿ, ನೆರೆಯ ಬೆಳ್ಳಾರೆ ಪರಿಸರದಲ್ಲಿ ಇಬ್ಬರು, ಸುರತ್ಕಲ್‌ನಲ್ಲಿ ಒಬ್ಬ, ಹೀಗೆ ಹತ್ತೇ ದಿನಗಳೊಳಗೆ ಮೂವರು ಯುವಕರು ದಾಳಿಗೆ ಬಲಿಯಾದರು. ಹತರಾದವರಲ್ಲಿಯೂ ಆರೋಪಿಗಳಲ್ಲಿಯೂ ಎರಡೂ ಸಮುದಾಯದವರಿದ್ದರು.

ಇಂತಹ ಸುದ್ದಿ ಬಂದಾಗಲೆಲ್ಲ ನಾವು ಹೇಳುವುದು ಒಂದೇ ಮಾತು: 'ಸಹವಾಸ ದೋಷ'. ಇದು ಹಿರಿಯರು ಹೊಣೆ ಕಳಚಿಕೊಳ್ಳುವ ಸುಲಭೋಪಾಯವಲ್ಲವೇ? ಧೈರ್ಯ, ಗೆಳೆತನ, ತನ್ನವರಿಗಾಗಿ ಓಡಿಬರುವ ಮನಸ್ಸು, ಇವು ದುರ್ಗುಣಗಳಲ್ಲ. ಪರಿಹಾರ ಕೇಂದ್ರಕ್ಕೆ ಅಕ್ಕಿಮೂಟೆ ಹೊರಲು ಬೇಕಾದುದೂ ಇವೇ. ಮನೆಯಲ್ಲಿ 'ಕೆಲಸಕ್ಕೆ ಬಾರದವನು' ಎನಿಸಿಕೊಂಡ ಹುಡುಗನಿಗೆ ಗ್ಯಾಂಗು 'ನೀನು ಬೇಕು' ಎನ್ನುತ್ತದೆ. ನಾವು ಮೊದಲು ಹೇಳಬೇಕಿದ್ದ ಮಾತನ್ನು ಅದು ಹೇಳುತ್ತದೆ, ಅಷ್ಟೆ.

ಹಾಗಾದರೆ ಅವನನ್ನು ಕಾಯುವುದೇನು? 'ನಾನು ಬರುವುದಿಲ್ಲ' ಎಂದು ಗೆಳೆಯನಿಗೇ ಹೇಳಬಲ್ಲ ಎದೆಗಾರಿಕೆ. ಅವಮಾನವಾದಾಗ ಒಂದು ರಾತ್ರಿ ಕಾಯಬಲ್ಲ ಸಂಯಮ. ತಪ್ಪನ್ನು ಅಂಜದೆ ಹೇಳಿಕೊಳ್ಳಲು ಒಬ್ಬ ಹಿರಿಯ. ನಾಳೆಯ ಬಗ್ಗೆ ಭರವಸೆ ಹುಟ್ಟಿಸುವ ಒಂದು ಕಸುಬು. ಅಕ್ರಮವೆಸಗುವ ಸಹೋದರನಿಗೂ ನೆರವಾಗಬೇಕು, ಅವನ ಕೈಯನ್ನು ತಡೆಯುವುದೇ ಆ ನೆರವು ಎಂಬುದು ಪ್ರವಾದಿ(ಸ)ರ ಬೋಧನೆ. ನಿಷ್ಠೆಗೆ ಇದಕ್ಕಿಂತ ಸ್ಪಷ್ಟ ವ್ಯಾಖ್ಯಾನ ಬೇಕೇ?

ಕಾನೂನಿನ ಮಾತೂ ಮಕ್ಕಳಿಗೆ ತಿಳಿದಿರಲಿ. ಐದು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟದಲ್ಲಿ ಸಮಾನ ಉದ್ದೇಶಕ್ಕಾಗಿ ಒಬ್ಬನೆಸಗಿದ ಅಪರಾಧಕ್ಕೆ ಸದಸ್ಯರೆಲ್ಲರೂ ಹೊಣೆಯೆನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಮು. 'ನಾನು ಬೈಕ್ ಮಾತ್ರ ಓಡಿಸಿದೆ' ಎಂಬ ಮಾತು ಅಲ್ಲಿ ಉಳಿಸಲಾರದು.

ಆದರೆ ಎದುರುತ್ತರ ಕೊಟ್ಟ ಮಗನಿಗೆ ಕಪಾಳಮೋಕ್ಷ ಮಾಡುವ ಮನೆಯಲ್ಲಿ 'ಇಲ್ಲ' ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಜಮಾಅತ್‌ನ ಸಭೆಯಲ್ಲಿ ಯುವಕರಿಗೆ ಕುರ್ಚಿ ಜೋಡಿಸುವ ಕೆಲಸ ಮಾತ್ರವೇ? ಲೆಕ್ಕಪುಸ್ತಕ, ರಕ್ತದಾನ, ರೋಗಿಗಳ ಆರೈಕೆ, ಕಿರಿಯರ ಪಾಠ, ಇವುಗಳ ಹೊಣೆ ಅವರ ಹೆಗಲಿಗೇರಲಿ. ಕೆಟ್ಟುಹೋದ ಮೇಲೆ ಬಹಿಷ್ಕರಿಸಲು ಸೇರುವ ಹಿರಿಯರು, ಕೆಡುವ ಮೊದಲು ಹೆಸರು ಹಿಡಿದು ಕರೆಯಲು ಒಮ್ಮೆ ಸೇರಲಿ. ಗುಡ್ಡ ಕುಸಿದ ದಿನ ನಮಗೆ ಬೇಕಾಗಿದ್ದ ಆ ಹುಡುಗರು ಉಳಿದ ದಿನಗಳಲ್ಲಿ ನಮಗೆ ಬೇಡವೇ?