ಕಳ್ಳನಿಗಿಲ್ಲದ ಗಡಿ ಪೊಲೀಸರಿಗೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಪಾರ್ಟ್‌ಟೈಮ್ ಕೆಲಸದ ಆಸೆಗೆ ಬಿದ್ದು ಫೀಸಿಗಿಟ್ಟ ದುಡ್ಡು ಕಳ್ಕೊಂಡ. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ 1930ಕ್ಕೆ ಫೋನ್ ಮಾಡಿ, ಠಾಣೆಗೂ ಹೋಗಿ ಬಂದ. ಸಿಕ್ಕ ಉತ್ತರ: "ದುಡ್ಡು ಹೊರದೇಶಕ್ಕೆ ಹೋಗಿದೆಯಪ್ಪಾ, ಕಷ್ಟ."

ಹಾಗಾದ್ರೆ ಕಾನೂನೇ ಇಲ್ವಾ? ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 75ನೇ ಕಲಂ ಪ್ರಕಾರ, ಭಾರತದಲ್ಲಿರುವ ಕಂಪ್ಯೂಟರ್ ಬಳಸಿ ಅಪರಾಧ ನಡೆದರೆ, ಮಾಡಿದವನು ಯಾವ ದೇಶದಲ್ಲಿ ಕೂತಿದ್ದರೂ ಕಾಯ್ದೆ ಅನ್ವಯಿಸುತ್ತದೆ. ಆದರೆ ನಮ್ಮ ಪೊಲೀಸರು ಅಲ್ಲಿಗೆ ಹೋಗಿ ಬಾಗಿಲು ತಟ್ಟೋ ಹಾಗಿಲ್ಲ. ಸರ್ಕಾರದಿಂದ ಸರ್ಕಾರಕ್ಕೆ ಕೋರಿಕೆ ಹೋಗಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಸರ್ವರ್ ಲಾಗ್ ಅಲ್ಲೀವರೆಗೆ ಕಾಯುತ್ತಾ?

ಆ ದೇಶದಲ್ಲೂ ಕಾನೂನು ಇರಬೇಕಲ್ಲ! 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ ಇಮೇಲ್ ಮೂಲಕ ಜಗತ್ತನ್ನೇ ಸುತ್ತಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಫಿಲಿಪೀನ್ಸ್‌ನ ಮನಿಲಾದಲ್ಲಿ ಕಂಪ್ಯೂಟರ್ ಓದಿದ್ದ ಒಬ್ಬ ಹುಡುಗ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನೇ ಆತ ಪ್ರಾಜೆಕ್ಟ್ ಮಾಡ್ತೀನಿ ಅಂದಿದ್ದ, ಕಾಲೇಜು ತಿರಸ್ಕರಿಸಿತ್ತು. (ನಮ್ಮ ಗೈಡ್‌ಗಳು ಎಷ್ಟೋ ವಾಸಿ ಅನ್ನಬೇಡಿ.) ಆಗ ಅಲ್ಲಿ ಇಂಥದ್ದಕ್ಕೆ ಕಾನೂನೇ ಇರಲಿಲ್ಲ. ಜೂನ್‌ನಲ್ಲಿ ಬಂದ ಹೊಸ ಕಾಯ್ದೆ ಮೇ ತಿಂಗಳ ಕೃತ್ಯಕ್ಕೆ ಅನ್ವಯಿಸಲಿಲ್ಲ. ಕೇಸು ಬಿದ್ದುಹೋಯ್ತು.

ಎಲ್ಲ ದೇಶಗಳ ಕಾನೂನು ಒಂದಕ್ಕೊಂದು ಹೊಂದಬೇಕು ಅಂತಲೇ 2001ರಲ್ಲಿ ಬುಡಾಪೆಸ್ಟ್ ಒಪ್ಪಂದ ಬಂತು. ಪತ್ರ ಆಮೇಲೆ ಬರಲಿ, ಮೊದಲು ಡೇಟಾ ಅಳಿಸದಂತೆ ಕನಿಷ್ಠ 60 ದಿನ ಹಿಡಿದಿಡಿ ಎಂದು ಸದಸ್ಯ ದೇಶಗಳು ಪರಸ್ಪರ ಕೇಳಬಹುದು. ಭಾರತ ಅದರಲ್ಲಿಲ್ಲ. ನಾವಿಲ್ಲದೆ ಬರೆದ ನಿಯಮಕ್ಕೆ ಯಾಕೆ ತಲೆಬಾಗಬೇಕು ಅನ್ನೋ ವಾದದಲ್ಲಿ ನ್ಯಾಯವಿದೆ, ಒಪ್ಪುತ್ತೇವೆ. ಆದರೆ 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಸೈಬರ್ ಅಪರಾಧ ಒಪ್ಪಂದದ ಮಾತುಕತೆಯಲ್ಲಿ ಭಾರತವೂ ಕೂತಿತ್ತು. ಅಲ್ಲಿ ಆ ನೆಪ ನಡೆಯೋದಿಲ್ಲ. 40 ದೇಶಗಳು ಅನುಮೋದಿಸಿದರೆ ಅದು ಜಾರಿಗೆ ಬರುತ್ತದೆ. ಆ ಪಟ್ಟಿಯಲ್ಲಿ ಭಾರತ ಇರಬೇಕು ಅನ್ನೋದು ನಮ್ಮ ಅಭಿಪ್ರಾಯ.

ಒಂದು ಷರತ್ತಿನ ಮೇಲೆ. ಒಳ್ಳೆಯ ಉದ್ದೇಶದಿಂದ ದೋಷ ಹುಡುಕುವವರಿಗೆ ಇದರಲ್ಲಿ ಗಟ್ಟಿ ರಕ್ಷಣೆ ಇಲ್ಲ ಎಂದು ಭದ್ರತಾ ತಜ್ಞರೇ ತಕರಾರು ತೆಗೆದಿದ್ದಾರೆ. ನಮ್ಮ ಬ್ಯಾಚಲ್ಲೇ ಬಗ್ ಬೌಂಟಿಗೆ ರಾತ್ರಿಯಿಡೀ ಕೂರೋರು ನಾಲ್ಕೈದು ಜನ ಇದ್ದೀವಿ. ಸಹಿ ಹಾಕುವಾಗಲೇ ನಮ್ಮ ಕಾಯ್ದೆಯಲ್ಲೂ ಅಂಥವರಿಗೆ ರಕ್ಷಣೆಯ ಒಂದು ಕಲಂ ಸೇರಿಸಲಿ.