ಆಫ್ರಿಕಾ: ಊಹೆಯಲ್ಲೇ ಉಳಿದ ಮೂತ್ರಪಿಂಡ ರೋಗ

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮೂತ್ರಪಿಂಡ ವೈಫಲ್ಯಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯುವ ಕಾರಣಗಳಲ್ಲಿ ಎರಡು ಪ್ರಮುಖ: ಅಧಿಕ ರಕ್ತದೊತ್ತಡ ಮತ್ತು ರಕ್ತ ಸೋಸುವ ಸೂಕ್ಷ್ಮನಾಳಗಳ ದೀರ್ಘಕಾಲದ ಉರಿಯೂತ. ಇದರಲ್ಲಿ ಬಹುಪಾಲು ಊಹೆ. ರಕ್ತದೊತ್ತಡದಿಂದ ಮೂತ್ರಪಿಂಡ ಕೆಡುವುದು ಎಷ್ಟು ನಿಜವೋ, ಕೆಟ್ಟ ಮೂತ್ರಪಿಂಡದಿಂದ ರಕ್ತದೊತ್ತಡ ಏರುವುದೂ ಅಷ್ಟೇ ನಿಜ. ಯಾವುದು ಮೊದಲು ಎಂಬ ಪ್ರಶ್ನೆಗೆ ಅನೇಕ ಸಂದರ್ಭಗಳಲ್ಲಿ ಬಯಾಪ್ಸಿಯೊಂದೇ ಉತ್ತರ ಕೊಡಬಲ್ಲದು.

ಅಲ್ಟ್ರಾಸೌಂಡ್ ನೆರವಿನಲ್ಲಿ ಬೆನ್ನಿನ ಕಡೆಯಿಂದ ಸೂಜಿ ಇಳಿಸಿ ಅಂಗಾಂಶದ ಎಳೆಯೊಂದನ್ನು ತೆಗೆಯುವುದು ಈಗ ಸಾಹಸವೇನಲ್ಲ. ರಕ್ತಸ್ರಾವದ ಭಯವಿದೆ, ಆದರೆ ಗಂಭೀರ ತೊಡಕು ವಿರಳ. ಕಷ್ಟ ಶುರುವಾಗುವುದು ಆಮೇಲೆ. ಆ ಎಳೆಗೆ ವಿಶೇಷ ಬಣ್ಣ ಹಾಕಬೇಕು, ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ ನಡೆಸಬೇಕು, ಕೆಲವೊಮ್ಮೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಂಡದ್ದನ್ನು ಓದಬಲ್ಲ ರೋಗಶಾಸ್ತ್ರಜ್ಞರು ಬೇಕು. ಈಜಿಪ್ಟ್, ಟ್ಯುನೀಷಿಯಾ, ದಕ್ಷಿಣ ಆಫ್ರಿಕಾಗಳಿಗೆ ಇದು ಹೊಸತಲ್ಲ. ಆದರೆ 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇಡೀ ಖಂಡದ ಬಯಾಪ್ಸಿ ವರದಿಗಳನ್ನು ಒಟ್ಟುಗೂಡಿಸಿದಾಗ ಲೆಕ್ಕಕ್ಕೆ ಸಿಕ್ಕಿದ್ದು 13 ದೇಶಗಳು ಮಾತ್ರ. ಖಂಡದಲ್ಲಿರುವುದು 54.

ಇದರ ಬೆಲೆ ತೆರುವವರು ರೋಗಿಗಳು. ಲೂಪಸ್ ಮೂತ್ರಪಿಂಡವನ್ನು ಎಷ್ಟರಮಟ್ಟಿಗೆ ಹೊಕ್ಕಿದೆ ಎಂದು ತಿಳಿಯದೆ ಪ್ರಬಲ ಔಷಧ ಕೊಡುವುದು ಕತ್ತಲಲ್ಲಿ ಬಾಣ ಬಿಟ್ಟಂತೆ. ಎಚ್‌ಐವಿ ಸೋಂಕಿತರ ಮೂತ್ರಪಿಂಡ ಕೆಟ್ಟರೆ ವೈರಸ್ಸೇ ಕಾರಣವೆಂದು ಹೇಳಿಬಿಡುವುದು ಸುಲಭ. ದಕ್ಷಿಣ ಆಫ್ರಿಕಾದ ಬಯಾಪ್ಸಿಗಳು ಅಂಥವರಲ್ಲಿ ಹಲವು ಬಗೆಯ ರೋಗಗಳನ್ನು ತೋರಿಸಿವೆ. ಇನ್ನು ಆಸ್ಪತ್ರೆ ತಲುಪುವ ಹೊತ್ತಿಗೇ ಮೂತ್ರಪಿಂಡ ಕುಗ್ಗಿಹೋಗಿರುವವರೂ ಬಹಳ. ಅವರಿಗೆ ಬಯಾಪ್ಸಿಯಿಂದ ಪ್ರಯೋಜನವಿಲ್ಲ, ಡಯಾಲಿಸಿಸ್ ಖರ್ಚು ಭರಿಸುವ ಶಕ್ತಿಯೂ ಹಲವರಿಗಿಲ್ಲ.

ಈ ಕೊರತೆ ಈಗ ಇನ್ನಷ್ಟು ದುಬಾರಿಯಾಗುತ್ತಿದೆ. ನಿದ್ರಾರೋಗದ ವಿರುದ್ಧ ರಕ್ಷಣೆ ಕೊಡುವ ಎಪಿಒಎಲ್‌1 ಜೀನಿನ ರೂಪಾಂತರಗಳೇ ಮೂತ್ರಪಿಂಡಕ್ಕೆ ಮಾರಕವೆಂದು 2010ರಲ್ಲಿ ಗೊತ್ತಾಯಿತು. ನೈಜೀರಿಯಾ ಮತ್ತು ಘಾನಾದ 8 ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ, 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಂಥ ಒಂದೇ ಪ್ರತಿ ಇದ್ದರೂ ಅಪಾಯ ಹೆಚ್ಚುತ್ತದೆ. ಈ ಜೀನನ್ನೇ ಗುರಿಯಾಗಿಸಿದ ಇನಾಕ್ಸಾಪ್ಲಿನ್ ಎಂಬ ಔಷಧ ಮೂತ್ರದಲ್ಲಿ ಸೋರುವ ಪ್ರೋಟೀನನ್ನು ಗಣನೀಯವಾಗಿ ತಗ್ಗಿಸಿತೆಂದು 2023ರಲ್ಲಿ ವರದಿಯಾಯಿತು. ಆ ಪ್ರಯೋಗಕ್ಕೆ ಆಯ್ದುಕೊಂಡದ್ದು ಬಯಾಪ್ಸಿಯಲ್ಲಿ ರೋಗ ಖಚಿತಪಟ್ಟವರನ್ನು. ಬಯಾಪ್ಸಿ ಸೌಲಭ್ಯವೇ ಇಲ್ಲದ ಊರಿನ ರೋಗಿ, ಆ ಜೀನ್ ಅವನ ರಕ್ತದಲ್ಲೇ ಇದ್ದರೂ, ಇಂಥ ಪ್ರಯೋಗದ ಬಾಗಿಲಿನಿಂದಾಚೆಗೇ ಉಳಿಯುತ್ತಾನೆ.