‘ಟೇಕ್’ ಎಂಬ ಕ್ರಿಯಾಪದವೂ ನಮ್ಮ ‘ತೆಗೆ’ಯೂ

ಎಂಟನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಇಂಗ್ಲೀಷು ಪ್ರಬಂಧದಲ್ಲಿ, ತಂದೆಯವರು ರಾತ್ರಿ ತಡವಾಗಿ ಮನೆಗೆ ಬಂದಾಗ ತಾನೇ ಎದ್ದು ‘ಟುಕ್ ದಿ ಡೋರ್’ ಎಂದು ಬರೆದಿದ್ದಳು. ಪುಸ್ತಕವು ನಮ್ಮ ಮೇಜಿಗೆ ಬಂದಾಗ ನಮಗೆ ಮೊದಲು ನಗು ಬಂದಿತು. ಆದರೆ ಕೆಂಪು ಗೀಟನ್ನೆಳೆಯಲು ಕೈ ಏಳಲಿಲ್ಲ. ಕನ್ನಡದಲ್ಲಿ ಬಾಗಿಲನ್ನು ತೆಗೆಯುತ್ತೇವೆ. ‘ಟೇಕ್’ ಎಂದರೆ ‘ತೆಗೆ’ ಎಂದು ಅವಳಿಗೆ ಕಲಿಸಿದವರು ನಾವೇ. ಮಗುವು ಯುಕ್ತಿಯಿಂದಲೇ ನಡೆದು ತಪ್ಪಿಗೆ ಬಂದು ಸೇರಿತ್ತು.

ಇಂಗ್ಲೀಷು ತರಗತಿಯಲ್ಲಿ ಕನ್ನಡವನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕೆಂದು ಕೆಲವರು ಮಾತಾಪಿತರು ನಮಗೆ ಬರೆಯುತ್ತಿರುವರು. ಅವರ ಆತಂಕವನ್ನು ನಾವು ಬಲ್ಲೆವು. ನಾವು ಓದಿದ ವಸತಿಶಾಲೆಯೊಂದರಲ್ಲಿ ಕನ್ನಡದ ಮಾತು ಬಾಯಿಂದ ಹೊರಟರೆ ದಂಡ ತೆರಬೇಕಾಗಿದ್ದಿತು. ಅದರಿಂದ ನಾವು ಕಲಿತದ್ದು ಇಂಗ್ಲೀಷಿಗಿಂತ ಹೆಚ್ಚಾಗಿ ಮೌನವನ್ನು. ಆದಕಾರಣ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬೇರೆಯಾಗಿರುವುದು.

‘ಟೇಕ್’ ಎಂಬುದು ಸಾಮಾನ್ಯವಾದ ಪದವಲ್ಲ. ‘ಟೇಕ್ ಆಫ್’ ಎಂದರೆ ಪಾದರಕ್ಷೆಯನ್ನು ಕಳಚುವುದು. ವಿಮಾನವು ನೆಲಬಿಟ್ಟು ಏಳುವುದು. ಮತ್ತೊಬ್ಬರ ನಡೆನುಡಿಗಳನ್ನು ಅಣಕಿಸುವುದೂ ಹೌದು. ‘ಟೇಕ್ ಇನ್’ ಎಂದರೆ ದಿಕ್ಕಿಲ್ಲದವರಿಗೆ ಮನೆಯಲ್ಲಿ ಆಶ್ರಯ ಕೊಡುವುದು, ಸಡಿಲವಾದ ರವಿಕೆಯನ್ನು ಬಿಗಿಮಾಡಿ ಹೊಲಿಯುವುದು, ಇವುಗಳ ಜೊತೆಗೆ ಮೋಸಮಾಡುವುದು! ಮಗಳು ತಾಯಿಯನ್ನು ಹೋತರೆ ‘ಟೇಕ್ಸ್ ಆಫ್ಟರ್’. ಇಂತಹವುಗಳನ್ನು ಪಟ್ಟಿಮಾಡಿ ಕಂಠಪಾಠ ಮಾಡಿಸುವುದು ರೂಢಿ. ಪರೀಕ್ಷೆಯ ಮರುದಿನ ಪಟ್ಟಿಯೂ ಮರೆತುಹೋಗುವುದು. ಸೋಜಿಗವೇನೆಂದರೆ, ಈ ಪದವು ಇಂಗ್ಲೀಷರಿಗೆ ಹುಟ್ಟಿನಿಂದ ಬಂದುದಲ್ಲ. ಪೂರ್ವದಲ್ಲಿ ಅವರು ‘ನಿಮನ್’ ಎನ್ನುತ್ತಿದ್ದರು. ಜರ್ಮನರ ‘ನೇಮೆನ್’ ಅದರ ಬಂಧು. ಉತ್ತರದಿಂದ ಕಡಲು ದಾಟಿ ಬಂದು ನೆಲೆಸಿದ ನಾರ್ಸ್ ಜನರ ಬಾಯಿಂದ ‘ಟೇಕ್’ ಅವರ ಅಡುಗೆಮನೆಯವರೆಗೂ ಹೊಕ್ಕಿತು.

ಈಗ ನಮ್ಮ ‘ತೆಗೆ’ಯನ್ನು ನೋಡಿರಿ. ಬಾಗಿಲು ತೆಗೆಯುತ್ತೇವೆ, ಕಣ್ಣು ತೆಗೆಯುತ್ತೇವೆ, ಬೈತಲೆ ತೆಗೆಯುತ್ತೇವೆ, ಭಾವಚಿತ್ರ ತೆಗೆಯುತ್ತೇವೆ. ಅಜ್ಜಿಯು ಮಗುವಿಗೆ ದೃಷ್ಟಿ ತೆಗೆಯುವಳು. ಸಾಲಗಾರನು ತಗಾದೆ ತೆಗೆಯುವನು. ಮಗು ರಾಗ ತೆಗೆಯುವುದು. ನೆರೆಯವಳು ಜಗಳ ತೆಗೆಯುವಳು. ಅತ್ತೆಯು ಹುಳುಕು ತೆಗೆಯುವಳು. ಮದುವೆಯ ಮಾತು ತೆಗೆಯುವುದು ಬೇರೆ, ಮಾತು ತೆಗೆದುಹಾಕುವುದು ಬೇರೆ. ‘ತೆಗೆದಿಡು’, ‘ತೆಗೆದುಕೊಡು’, ‘ತೆಗೆದುಕೊ’ ಎಂಬಲ್ಲಿ ಹಿಂದೆ ಬಂದು ಸೇರುವ ಪದವೇ ಅರ್ಥವನ್ನು ತಿರುಗಿಸುವುದು. ಇಂಗ್ಲೀಷಿನಲ್ಲಿ ‘ಆಫ್’, ‘ಇನ್’, ‘ಅಪ್’ ಎಂಬುವು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ‘ತೆಗೆ’ಯ ಹಳೆಯ ಅರ್ಥ ಎಳೆ, ತನ್ನತ್ತ ಸೆಳೆ ಎಂಬುದು. ಕದವನ್ನು ತನ್ನ ಕಡೆಗೆ ಸೆಳೆಯುವುದರಿಂದಲೇ ಬಾಗಿಲು ತೆಗೆಯುವ ಮಾತು ಬಂದಿರಬಹುದೆಂದು ನಮಗೆ ತೋರುವುದು.

ಇದನ್ನು ತಿಳಿದ ಬಾಲಕಿಗೆ, ಒಂದು ಪದಕ್ಕೆ ಇಷ್ಟು ಮುಖಗಳಿರುವುದು ಇಂಗ್ಲೀಷಿನ ಹಟಮಾರಿತನವೆಂದು ತೋರುವುದಿಲ್ಲ. ರೆವರೆಂಡ್ ಕಿಟ್ಟೆಲ್ ಅವರ ನಿಘಂಟು, 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದುದು, ಕನ್ನಡ ಪದವನ್ನು ಮೊದಲಿಟ್ಟು ಅದಕ್ಕೆ ಇಂಗ್ಲೀಷನ್ನು ಹುಡುಕಿತು. ನಮ್ಮ ಪಾಠವೂ ಆ ದಿಕ್ಕಿನಲ್ಲಿಯೇ ನಡೆಯತಕ್ಕದ್ದು.

ದಂಡಿನ ಪ್ರದೇಶದಲ್ಲಿ ಇದಕ್ಕೊಂದು ತೊಡಕುಂಟು. 1809ರಲ್ಲಿ ದಂಡು ನೆಲೆಗೊಂಡಂದಿನಿಂದ ಇಲ್ಲಿ ಹಲವು ಭಾಷೆಯ ಜನರು ಕೂಡಿ ಬಾಳಿರುವರು. ಶಿವಾಜಿನಗರದ ಬಾಲಕಿಯ ಮನೆಮಾತು ಉರ್ದುವಾಗಿರಬಹುದು, ಹಲಸೂರಿನವಳದು ತಮಿಳಾಗಿರಬಹುದು. ತಮಿಳಿನವಳು ‘ಟುಕ್ ದಿ ಡೋರ್’ ಎಂದು ಬರೆಯಲಾರಳು, ಏಕೆಂದರೆ ಅವಳ ‘ಎಡು’ ಎಂಬ ಪದವು ಬಾಗಿಲಿಗೆ ಹೊಂದದು. ಆದರೆ ‘ಐ ಟುಕ್ ಸಿಕ್ಸ್ಟಿ ಮಾರ್ಕ್ಸ್’ ಎಂದು ಅವಳೂ ಕನ್ನಡದವಳೂ ಒಂದೇ ಧೈರ್ಯದಿಂದ ಬರೆಯುವರು. ತಪ್ಪಿನ ಬೇರು ಮನೆಯಲ್ಲಿರುವಾಗ ಮನೆಮಾತನ್ನು ಹೊರಗಿಟ್ಟು ಅದನ್ನು ಕೀಳುವುದು ಹೇಗೆ? ‘ಟೇಕ್ ಇಟ್ ಆಫ್’ ಎನ್ನಬೇಕು, ‘ಟೇಕ್ ಆಫ್ ಇಟ್’ ಎನ್ನಬಾರದು ಎಂಬಂತಹ ನಿಯಮಗಳಿಗೆ ಮನೆಮಾತು ನೆರವಾಗದೆಂಬುದನ್ನು ಒಪ್ಪುತ್ತೇವೆ. ಅಲ್ಲಿ ಅಭ್ಯಾಸವೇ ಗತಿ.

ನಮ್ಮನ್ನು ಹೆಚ್ಚು ಕಳವಳಗೊಳಿಸುವುದು ಈಚಿನ ಮತ್ತೊಂದು ಪ್ರವಾಹ. ‘ಬಸ್ಸು ತೆಗೆದುಕೊಂಡು ಬಂದೆ’, ‘ಆಟದಲ್ಲಿ ಭಾಗ ತೆಗೆದುಕೊಂಡೆ’ ಎನ್ನುವ ಬಾಲಕಿಯರು ಈಗ ನಮ್ಮಲ್ಲಿರುವರು. ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಬಂದಿದ್ದಾಗ, ಹಾಸಿಗೆ ಹಿಡಿದ ತನ್ನ ತಾಯಿಯನ್ನು ತಾನೇ ‘ಟೇಕ್ ಕೇರ್ ಮಾಡುತ್ತಿರುವೆ’ನೆಂದಳು. ಅವಳ ಸೇವೆಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ‘ಅಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ’ ಎಂಬ ಮಾತು ಅವಳ ನಾಲಗೆಗೆ ಏಕೆ ಬರಲಿಲ್ಲವೆಂದು ನಾವು ಬಹಳ ಹೊತ್ತು ಯೋಚಿಸುತ್ತ ಕುಳಿತೆವು. ಕಣ್ಣಿನಿಂದ ಮಾಡುವ ಕೆಲಸವನ್ನೇ ಕಾಪಾಡುವ ಕೆಲಸವನ್ನಾಗಿ ಮಾಡಿರುವ ಆ ಪದವನ್ನು ಅವಳಿಗೆ ನಾವು ಎಂದೂ ತೋರಿಸಿಕೊಟ್ಟಿರಲಿಲ್ಲ.

ಆದುದರಿಂದ ಕಳೆದ ಅವಧಿಯಿಂದ ಎಂಟನೆಯ ತರಗತಿಯವರು ಪುಸ್ತಕದ ಎಡಪುಟದಲ್ಲಿ ಇಂಗ್ಲೀಷು ಕ್ರಿಯಾಪದದ ಪ್ರಯೋಗಗಳನ್ನೂ, ಬಲಪುಟದಲ್ಲಿ ಮನೆಯ ಹಿರಿಯರಿಂದ ಕೇಳಿ ತಿಳಿದವುಗಳನ್ನೂ ಬರೆಯುತ್ತಿರುವರು. ಕೃಷ್ಣರಾಜಪುರದಿಂದ ಬರುವ ಬಾಲಕಿಯೊಬ್ಬಳು ಓದುಬರಹ ಬಾರದ ತನ್ನ ಅಜ್ಜಿಯಿಂದ ‘ತೆಗೆ’ಯ ಇಪ್ಪತ್ತೆರಡು ಪ್ರಯೋಗಗಳನ್ನು ತಂದಳು, ನಮಗೆ ಹೊಳೆದಿದ್ದುವು ಹದಿನೇಳೇ. ಮುಂದಿನ ಅವಧಿಗೆ ‘ಪುಟ್’ ಮತ್ತು ‘ಹಾಕು’ ಗೊತ್ತಾಗಿವೆ. ಮಗಳು ಒಲೆಯ ಬಳಿ ನಿಂತು ಕೇಳಿದಾಗ, ಕೆಲಸದ ನಡುವೆಯಾದರೂ ಉತ್ತರ ಕೊಡಬೇಕೆಂದು ಮಾತೆಯರಲ್ಲಿ ಅರಿಕೆ.